ಹಾರುವ ತಟ್ಟೆ ಇಳಿಯುವ ಮುನ್ನ ಗ್ರಾಮಸಭೆ ಕರೆಯಿರಿ

ಹೋದ ತಿಂಗಳು ನಾವು ಮೂವರು ವರದಿಗೆಂದು ಒಂದು ಊರಿಗೆ ಹೋಗಿದ್ದೆವು. ವಾಪಸ್ ಬರುವ ಬಸ್ಸು ತಡವಾಯಿತು. ಸ್ಟ್ಯಾಂಡಿನ ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದಾಗ ಹಿರಿಯರೊಬ್ಬರು ತಮ್ಮ ಫೋನನ್ನು ನಮ್ಮ ಮುಂದೆ ಹಿಡಿದರು. "ನೋಡ್ರಪ್ಪಾ, ಓದಿದೋರು ನೀವು. ಹಳೇಬೀಡಿನ ಗುಡಿ ಕಟ್ಟಿದ್ದು ಮನುಷ್ಯರೇ ಅಲ್ವಂತೆ. ಬೇರೆ ಗ್ರಹದೋರು ಬಂದು ಮಿಷನ್ ಹಾಕಿ ಕಡೆದು ಹೋದ್ರಂತೆ. ನಿಜಾನಾ?"

ನಾವು ಹೇಳಿದ್ದು ಇಷ್ಟೇ: "ಯಜಮಾನ್ರೇ, ಹೊಯ್ಸಳರ ಕಾಲದ ಶಿಲ್ಪಿಗಳು ತಾವು ಕಡೆದ ವಿಗ್ರಹದ ಕೆಳಗೆ ತಮ್ಮ ಹೆಸರು ಕೊರೆದು ಹೋಗಿದ್ದಾರೆ. ಸೋಮನಾಥಪುರಕ್ಕೆ ಹೋದರೆ ಮಲ್ಲಿತಮ್ಮ ಅನ್ನೋನ ಹೆಸರು ಈಗಲೂ ಕಲ್ಲಿನ ಮೇಲೆ ಕಾಣುತ್ತೆ. ಬೇರೆ ಗ್ರಹದೋನಿಗೆ ಮಲ್ಲಿತಮ್ಮ ಅಂತ ಯಾರು ಹೆಸರಿಟ್ಟರು?"

ಅವರು ನಕ್ಕರು, ಆದರೆ ಬಿಡಲಿಲ್ಲ. ನಮ್ಮಲ್ಲೊಬ್ಬಳ ಕೈಯಲ್ಲಿದ್ದ ಪುಸ್ತಕದ ಮೇಲೆ ಮೂರು ಕಾಲಿನ ದೊಡ್ಡ ಯಂತ್ರದ ಚಿತ್ರವಿತ್ತು. "ಮತ್ತೆ ಇದೇನವ್ವಾ? ಇದೂ ಬೇರೆ ಗ್ರಹದೋರ ಕಥೆನೇ ಅಲ್ವಾ? ನಾನು ನೋಡಿದ್ರೆ ಸುಳ್ಳು, ನೀವು ಓದಿದ್ರೆ ಸಾಹಿತ್ಯಾನಾ?"

ಅಷ್ಟರಲ್ಲಿ ಬಸ್ಸು ಬಂತು. ಉತ್ತರ ಬಾಕಿ ಉಳಿಯಿತು. ಆ ಬಾಕಿಯನ್ನು ಇಲ್ಲಿ ತೀರಿಸುತ್ತಿದ್ದೇವೆ.

ಯಜಮಾನ್ರೇ, ವ್ಯತ್ಯಾಸ ಇದೆ. ಆ ವಿಡಿಯೋ "ಇದು ನಿಜ" ಎಂದು ಶುರುಮಾಡಿ ಸುಳ್ಳು ಹೇಳುತ್ತದೆ. ಮಲ್ಲಿತಮ್ಮನ ಕೈಯಿಂದ ಉಳಿ ಕಿತ್ತು, ಹೆಸರಿಲ್ಲದ ಯಾರೋ ಒಬ್ಬರಿಗೆ ಕೊಡುತ್ತದೆ. ಇದು ಹೊಸ ಧಂಧೆಯೂ ಅಲ್ಲ. 1968ರಲ್ಲಿ ಎರಿಕ್ ಫಾನ್ ಡೆನಿಕೆನ್ ಎಂಬಾತ ಇಂಥದ್ದೇ ಪುಸ್ತಕ ಬರೆದು ಲೋಕವೆಲ್ಲ ಮಾರಿದ. ಪಿರಮಿಡ್ಡಿನಂಥ ಕೆಲಸದ ಹಿಂದೆ ಬೇರೆ ಗ್ರಹದವರ ಕೈವಾಡ ಇದೆ ಎಂಬುದು ಅವನ ವಾದ. ಈಜಿಪ್ಟಿನವರೋ ನಮ್ಮವರೋ ತಾವಾಗಿಯೇ ಅಷ್ಟು ದೊಡ್ಡ ಕೆಲಸ ಮಾಡಿರಬಹುದು ಎಂದು ನಂಬಲು ಇಂಥವರಿಗೆ ಮನಸ್ಸು ಬಾರದು.

ಕಾದಂಬರಿ ಹಾಗಲ್ಲ. "ಇದು ಕಟ್ಟುಕತೆ" ಎಂದು ಮೊದಲೇ ಒಪ್ಪಿಕೊಂಡು, ಆಮೇಲೆ ನಮಗೆ ಆಗಿದ್ದನ್ನೇ ಹೇಳುತ್ತದೆ. ಬೇರೆ ಲೋಕದವರು ಮೊದಲ ಸಲ ಎದುರಾಗುವ ಕಥೆಗಳ ಒಳ್ಳೆಯ ಪುಸ್ತಕಗಳೆಲ್ಲ ಕೇಳುವ ಪ್ರಶ್ನೆ "ಅವರು ಇದ್ದಾರಾ?" ಎಂಬುದಲ್ಲ. "ಅವರು ಬಂದಾಗ ನಮ್ಮ ಪರವಾಗಿ ಮಾತಾಡುವವರು ಯಾರು? ಅವರಿಗೆ ಆ ಅಧಿಕಾರ ಕೊಟ್ಟವರು ಯಾರು?" ಎಂಬುದು.

ಈ ಪ್ರಶ್ನೆ ನಗರದವರಿಗಿಂತ ಹಳ್ಳಿಯವರಿಗೆ ಹೆಚ್ಚು ಗೊತ್ತು. ಅದಕ್ಕೇ ನಮ್ಮ ವಾದ: ಈ ಕಾದಂಬರಿಗಳು ಮೊದಲು ಓದಬೇಕಾದ್ದು ಹಳ್ಳಿಗಳಲ್ಲಿ.

ಗೋಮಾಳದಲ್ಲಿ ಇಳಿದದ್ದು

ಆ ಪುಸ್ತಕದಿಂದಲೇ ಶುರುಮಾಡೋಣ. ಎಚ್. ಜಿ. ವೆಲ್ಸ್ ಬರೆದ 'ದಿ ವಾರ್ ಆಫ್ ದಿ ವರ್ಲ್ಡ್ಸ್'. 1897ರಲ್ಲಿ ಧಾರಾವಾಹಿಯಾಗಿ ಬಂದು, 1898ರಲ್ಲಿ ಪುಸ್ತಕವಾಯಿತು. ಮಂಗಳ ಗ್ರಹದವರ ಮೊದಲ ಕೊಳವೆ ಬೀಳುವುದು ಲಂಡನ್ನಿನ ಅರಮನೆಯ ಮುಂದಲ್ಲ. ಊರಾಚೆ, ಹಾರ್ಸೆಲ್ ಎಂಬ ಹಳ್ಳಿಯ ಬಯಲಿನಲ್ಲಿ. ನಮ್ಮ ಗೋಮಾಳ ಇದ್ದ ಹಾಗೆ, ಊರವರೆಲ್ಲರ ಜಾಗ ಅದು.

ಜನ ಏನು ಮಾಡುತ್ತಾರೆ? ಜಾತ್ರೆಗೆ ಬಂದ ಹಾಗೆ ಬರುತ್ತಾರೆ. ಹುಡುಗರು ಕಲ್ಲು ಎಸೆಯುತ್ತಾರೆ. ಮಿಠಾಯಿ ಅಂಗಡಿಯವನೊಬ್ಬ ತಳ್ಳುಗಾಡಿ ತುಂಬ ಸೇಬು, ಶುಂಠಿ ಪಾನಕ ತುಂಬಿಸಿ ಮಗನನ್ನು ವ್ಯಾಪಾರಕ್ಕೆ ಕಳಿಸುತ್ತಾನೆ. ನಮ್ಮೂರಿನ ಹೊರಗೆ ಹೆಲಿಕಾಪ್ಟರ್ ಇಳಿದ ದಿನ ಕಡ್ಲೆಕಾಯಿ ಮಾರುವವನು ಬಂದಿದ್ದ ಹಾಗೆ. ಸಂಜೆಗೆ ಕೆಲವರು ಬಿಳಿ ಬಾವುಟ ಹಿಡಿದು ಮಾತಾಡಲು ಹೋಗುತ್ತಾರೆ. ನಿಂತಲ್ಲೇ ಸುಟ್ಟು ಬೂದಿಯಾಗುತ್ತಾರೆ.

ವೆಲ್ಸ್ ಇದನ್ನು ಬರೆದದ್ದು ಹೆದರಿಸಿ ಮಜಾ ನೋಡಲು ಅಲ್ಲ. ಆಸ್ಟ್ರೇಲಿಯಾದ ಪಕ್ಕದ ಟಾಸ್ಮೇನಿಯಾ ದ್ವೀಪದ ಮೂಲನಿವಾಸಿಗಳನ್ನು ಯುರೋಪಿನವರು ನಾಶ ಮಾಡಿದ್ದನ್ನು ಅವನು ಮೊದಲ ಅಧ್ಯಾಯದಲ್ಲೇ ನೆನಪಿಸುತ್ತಾನೆ. ನಾವೇ ಹೀಗೆ ಮಾಡಿರುವಾಗ ಮಂಗಳದವರ ಮೇಲೆ ದೂರು ಹೇಳಲು ನಮಗೆಲ್ಲಿದೆ ಬಾಯಿ ಎಂಬ ಅರ್ಥದಲ್ಲಿ ತನ್ನ ಜನರನ್ನೇ ಕೇಳುತ್ತಾನೆ. ಆಗ ಬ್ರಿಟಿಷ್ ಸಾಮ್ರಾಜ್ಯ ಉತ್ತುಂಗದಲ್ಲಿತ್ತು. ಅದರ ರಾಜಧಾನಿಯ ಓದುಗರಿಗೆ, ನಿಮ್ಮ ಮನೆಯ ಮೇಲೂ ಇದೇ ಬಿದ್ದರೆ ಹೇಗಿರುತ್ತೆ ನೋಡಿ ಎಂದು ತೋರಿಸಿದ ಕಥೆ ಅದು. ಆ ಸಾಮ್ರಾಜ್ಯದ ಕೆಳಗಿದ್ದ ನಾವು ಅದನ್ನು "ಇಂಗ್ಲಿಷಿನವರ ಕಾಗಕ್ಕ ಗುಬ್ಬಕ್ಕನ ಕಥೆ" ಎಂದು ಪಕ್ಕಕ್ಕಿಟ್ಟರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ರಕ್ತ ಕೊಟ್ಟವರನ್ನು ಕೇಳಲಿಲ್ಲ

ಈಗಿನ ಕಾಲದ ಪುಸ್ತಕಕ್ಕೆ ಬರೋಣ. ಚೀನಾದ ಲಿಯು ಸಿಶಿನ್ ಬರೆದ 'ದಿ ಥ್ರೀ ಬಾಡಿ ಪ್ರಾಬ್ಲಮ್'. 2008ರಲ್ಲಿ ಪುಸ್ತಕವಾಗಿ ಬಂತು, 2014ರಲ್ಲಿ ಇಂಗ್ಲಿಷಿಗೆ ಹೋಯಿತು, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆಯಿತು. ಅದರಲ್ಲಿ ಯೆ ವೆನ್‌ಜೀ ಎಂಬ ವಿಜ್ಞಾನಿ ಇದ್ದಾಳೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅವಳ ತಂದೆಯನ್ನು ಜನರ ಮುಂದೆಯೇ ಹೊಡೆದು ಕೊಲ್ಲುತ್ತಾರೆ. ಮನುಷ್ಯಕುಲದ ಮೇಲೆಯೇ ಅವಳಿಗೆ ನಂಬಿಕೆ ಹೋಗುತ್ತದೆ. ಬೆಟ್ಟದ ಮೇಲಿನ ಗುಪ್ತ ರೇಡಿಯೋ ಕೇಂದ್ರದಲ್ಲಿ ಕೆಲಸ ಮಾಡುವಾಗ ಒಂದು ದಿನ ಆಕಾಶದಿಂದ ಸಂದೇಶ ಬರುತ್ತದೆ. ಅದನ್ನು ಕಳಿಸಿದವನೇ, ಉತ್ತರ ಕೊಡಬೇಡಿ, ಕೊಟ್ಟರೆ ನಿಮ್ಮ ಭೂಮಿ ಎಲ್ಲಿದೆ ಎಂದು ಗೊತ್ತಾಗಿ ನಮ್ಮವರು ಆಕ್ರಮಣ ಮಾಡುತ್ತಾರೆ ಎಂದು ಎಚ್ಚರಿಸಿರುತ್ತಾನೆ. ಅವಳು ಉತ್ತರ ಕೊಡುತ್ತಾಳೆ. ಒಬ್ಬಳೇ. ಯಾರನ್ನೂ ಕೇಳದೆ.

ಈ ಕಾದಂಬರಿಯ ಬಗ್ಗೆ ಮಾತು ಬಂದರೆ ಎಲ್ಲರೂ ಮೂರು ಸೂರ್ಯರ ಬಗ್ಗೆ, ಭೌತಶಾಸ್ತ್ರದ ಬಗ್ಗೆಯೇ ಹೇಳುತ್ತಾರೆ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೆ ಜಾಗ. ಆ ಬೆಟ್ಟದ ಕೆಳಗೆ ಒಂದು ಬಡ ಹಳ್ಳಿ ಇದೆ. ಅಲ್ಲಿನ ಮಕ್ಕಳಿಗೆ ಯೆ ಪಾಠ ಹೇಳಿಕೊಡುತ್ತಾಳೆ. ಅವಳಿಗೆ ಹೆರಿಗೆ ಕಷ್ಟವಾಗಿ ರಕ್ತ ಹರಿದು ಜೀವ ಹೋಗುವ ಹಾಗಾದಾಗ, ಆ ಹಳ್ಳಿಯ ರೈತರು ಬಂದು ರಕ್ತ ಕೊಡುತ್ತಾರೆ. ಬಾಣಂತಿಯನ್ನೂ ಮಗುವನ್ನೂ ತಮ್ಮ ಮನೆಗೆ ಕರೆದುಕೊಂಡು ಹೋಗಿ ಸಾಕುತ್ತಾರೆ.

ಆದರೆ ಅಷ್ಟರಲ್ಲಿ ಅವಳು ಗುಂಡಿ ಒತ್ತಿ ಆಗಿತ್ತು. ಯಾರ ರಕ್ತದಿಂದ ಅವಳು ಬದುಕಿದಳೋ ಅವರ ಹಣೆಬರಹವನ್ನು ಅವಳು ಮೊದಲೇ ಬರೆದು ಕಳಿಸಿಬಿಟ್ಟಿದ್ದಳು. ಅವರಿಗೆ ಅದು ಗೊತ್ತೂ ಇಲ್ಲ.

ನಮ್ಮಲ್ಲಿ ಕೆಲವರು ಯೆ ಪರವಾಗಿ ಮಾತಾಡಿದರು. ಅವಳು ಅನುಭವಿಸಿದ್ದು ಸಣ್ಣದಲ್ಲ, ನಿಜ. ಆದರೂ ಆ ಪುಟ ಓದಿದ ಮೇಲೆ ನಮಗೆ ನೆನಪಾದದ್ದು ವರದಿಗೆ ಹೋದಾಗ ಎಷ್ಟೋ ಊರುಗಳಲ್ಲಿ ಕೇಳಿದ ಒಂದೇ ಮಾತು: "ನಮಗೆ ಗೊತ್ತಾಗಿದ್ದು ಕಲ್ಲು ನೆಟ್ಟ ಮೇಲೆ." ಸರ್ವೆಯವರು ಬಂದು ಹೊಲದಲ್ಲಿ ಗುರುತಿನ ಕಲ್ಲು ನೆಟ್ಟು ಹೋದ ಮೇಲೆ ಯೋಜನೆ ಇದೆ ಎಂದು ತಿಳಿಯುವುದು. ತೀರ್ಮಾನ ಅದಾಗಲೇ ಆಗಿರುತ್ತದೆ. ಆಮೇಲೆ ಗ್ರಾಮಸಭೆ ಕರೆದರೂ ಸಹಿ ಹಾಕಲಷ್ಟೇ.

ಇದು ಬರೀ ಕಥೆ ಎನ್ನಬೇಡಿ. 1974ರ ನವೆಂಬರ್ 16ರಂದು ಪೋರ್ಟೊರಿಕೋದ ಅರೆಸಿಬೋ ದೂರದರ್ಶಕದಿಂದ ಒಂದು ನಕ್ಷತ್ರಗುಚ್ಛದ ಕಡೆಗೆ ರೇಡಿಯೋ ಸಂದೇಶ ನಿಜವಾಗಿಯೂ ಹೋಯಿತು. ಸುಮಾರು 25,000 ಜ್ಯೋತಿರ್ವರ್ಷ ದೂರದ ಗುಚ್ಛ. ಅದು ತಲುಪಲು ಅಷ್ಟೇ ವರ್ಷ ಬೇಕು, ಹೆದರುವಂಥದ್ದೇನಿಲ್ಲ. ಆದರೆ ಕಳಿಸಬೇಕೋ ಬೇಡವೋ ಎಂದು ಜಗತ್ತನ್ನು ಕೇಳಿದವರಿಲ್ಲ. ಬ್ರಿಟನ್ನಿನ ಖಗೋಳ ವಿಜ್ಞಾನಿ ಮಾರ್ಟಿನ್ ರೈಲ್ ಇದನ್ನು ಪ್ರತಿಭಟಿಸಿದರು. ಯಾವುದಾದರೂ ಸಂದೇಶ ಬಂದರೆ ಅಂತರರಾಷ್ಟ್ರೀಯ ಸಮಾಲೋಚನೆ ಇಲ್ಲದೆ ಉತ್ತರ ಕೊಡಬಾರದು ಎಂದು ವಿಜ್ಞಾನಿಗಳ ಸಂಸ್ಥೆಯೊಂದು ನಿಯಮ ಬರೆದುಕೊಂಡದ್ದು 1989ರಲ್ಲಿ. ಅದೂ ಕಾನೂನಲ್ಲ, ಒಪ್ಪಂದದ ಮಾತು ಅಷ್ಟೇ.

ಇನ್ನೊಂದು ಸಂಗತಿ ಕೇಳಿ. 1977ರಲ್ಲಿ ಹೋದ ಎರಡು ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ಧ್ವನಿಮುದ್ರಿಕೆ ಇದೆ. ಅದರಲ್ಲಿ 55 ಭಾಷೆಗಳ ಶುಭಾಶಯ. ಕನ್ನಡವೂ ಒಂದು! ಕನ್ನಡಿಗರ ಪರವಾಗಿ ಒಂದು ದನಿ ನಮಸ್ಕಾರ ಹೇಳಿ ಹೋಗಿದೆ. ಕೇಳಿದರೆ ನಮಗೂ ಎದೆ ಉಬ್ಬುತ್ತದೆ. ಅದೇ ಮುದ್ರಿಕೆಯಲ್ಲಿ ಭೂಮಿಯ ಎಲ್ಲರ ಪರವಾಗಿ ಮಾತಾಡಿರುವುದು ಆಗಿನ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಕುರ್ಟ್ ವಾಲ್ಡ್‌ಹೈಮ್. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೈನ್ಯದಲ್ಲಿದ್ದು ಬಾಲ್ಕನ್ ನಾಡುಗಳಲ್ಲಿ ಕೆಲಸ ಮಾಡಿದ್ದನ್ನು ಅವರು ಮುಚ್ಚಿಟ್ಟಿದ್ದರೆಂದು 1986ರಲ್ಲಿ ಬಯಲಾಯಿತು. ನೌಕೆಯನ್ನು ವಾಪಸ್ ಕರೆಯಲು ಆಗುವುದಿಲ್ಲ. ನಮ್ಮೆಲ್ಲರ ಪರವಾಗಿ ಆ ಧ್ವನಿ ನಕ್ಷತ್ರಗಳ ನಡುವೆ ಹೋಗುತ್ತಲೇ ಇದೆ. ಎಲ್ಲರ ಪರವಾಗಿ ಮಾತಾಡುತ್ತೇನೆ ಎಂದು ಯಾರಾದರೂ ಎದ್ದು ನಿಂತರೆ ಮೊದಲು ಅವರ ಪೂರ್ವಾಪರ ಕೇಳಬೇಕು ಎನ್ನುವುದು ಇದಕ್ಕೇ.

ಒಳ್ಳೆಯದು ಮಾಡಲು ಬಂದವರು

ಬಂದವರು ಕೆಟ್ಟವರಾದರೆ ಗುರುತಿಸುವುದು ಸುಲಭ. ಒಳ್ಳೆಯವರಾದರೆ? ಆರ್ಥರ್ ಸಿ. ಕ್ಲಾರ್ಕ್ 1953ರಲ್ಲಿ ಬರೆದ 'ಚೈಲ್ಡ್‌ಹುಡ್ಸ್ ಎಂಡ್' ಇದನ್ನೇ ಕೇಳುತ್ತದೆ. ದೊಡ್ಡ ಹಡಗುಗಳಲ್ಲಿ ಬಂದವರು ಯುದ್ಧ ನಿಲ್ಲಿಸುತ್ತಾರೆ, ಬಡತನ ಹೋಗಿಸುತ್ತಾರೆ, ಪ್ರಾಣಿಹಿಂಸೆಗೂ ತಡೆ ಹಾಕುತ್ತಾರೆ. ಆದರೆ 50 ವರ್ಷ ತಮ್ಮ ಮುಖ ತೋರಿಸುವುದಿಲ್ಲ. ಯಾಕೆ ಬಂದಿದ್ದೀರಿ ಎಂದರೆ ಪೂರ್ತಿ ಹೇಳುವುದಿಲ್ಲ. ಕೊನೆಗೆ ಗೊತ್ತಾಗುವ ಹೊತ್ತಿಗೆ ಮಕ್ಕಳು ತಂದೆತಾಯಿಯರ ಕೈತಪ್ಪಿ ಹೋಗಿರುತ್ತಾರೆ. ಸವಲತ್ತು ಎಲ್ಲ ಬಂತು, ಕೇಳುವ ಹಕ್ಕು ಹೋಯಿತು.

ಮೇರಿ ಡೋರಿಯಾ ರಸೆಲ್ ಅವರ 'ದಿ ಸ್ಪ್ಯಾರೋ' (1996) ಇನ್ನೂ ಹತ್ತಿರದ್ದು. ಇಲ್ಲಿ ಹೋಗುವವರು ನಮ್ಮವರೇ, ಭೂಮಿಯವರು. ಕೆಲವು ಪಾದ್ರಿಗಳು, ಅವರ ಗೆಳೆಯರು. ದುರಾಸೆ ಇಲ್ಲ, ಕೈಯಲ್ಲಿ ಸೈನ್ಯ ಇಲ್ಲ. ಆ ಗ್ರಹದಲ್ಲಿ ಊಟಕ್ಕೆಂದು ಒಂದು ತರಕಾರಿ ತೋಟ ಮಾಡುತ್ತಾರೆ. ಅಲ್ಲಿನ ದುಡಿಯುವ ಜನ ಅದನ್ನು ನೋಡಿ ತಾವೂ ಮಾಡುತ್ತಾರೆ. ಹೊಟ್ಟೆ ತುಂಬಿ ಅವರ ಸಂತಾನ ಹೆಚ್ಚುತ್ತದೆ. ಅಲ್ಲಿನ ಆಳುವ ಜನಕ್ಕೆ ಅದು ಸಹಿಸುವುದಿಲ್ಲ. ಆಮೇಲೆ ನಡೆಯುವುದು ಕೊಲೆ. ಒಂದು ತೋಟದಿಂದ! ಊರಿನ ನೀರು, ಊರಿನ ಯಜಮಾನಿಕೆ, ಊರಿನ ಒಳಗುಟ್ಟು ಯಾವುದೂ ತಿಳಿಯದೆ ಬಂದು ಒಳ್ಳೆಯದು ಮಾಡಲು ಹೊರಟವರನ್ನು ಕಂಡ ಯಾವ ರೈತನಿಗೂ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಅರ್ಸುಲಾ ಲೆ ಗ್ವಿನ್. ವಿಯೆಟ್ನಾಂ ಯುದ್ಧದ ಸಂಕಟದಲ್ಲಿ ಅವರು ಬರೆದ ಕಿರುಕಾದಂಬರಿ 1972ರಲ್ಲಿ ಮೊದಲು ಬಂತು. 'ದಿ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್' ಅಂತ ಹೆಸರು. ಕಾಡಿಗೂ ಲೋಕಕ್ಕೂ ಒಂದೇ ಪದ ಇರುವ ಜನರ ಕಥೆ. ಭೂಮಿಯಲ್ಲಿ ಮರ ಖಾಲಿಯಾಗಿ, ಮರ ಕಡಿಯಲು ಅಲ್ಲಿಗೆ ಹೋದವರು ನಾವು. ಅಂದರೆ ಆ ಕಥೆಯಲ್ಲಿ ಬೇರೆ ಗ್ರಹದ ರಾಕ್ಷಸರು ನಾವೇ. ಕೊಲೆ ಎಂಬುದನ್ನೇ ಅರಿಯದಿದ್ದ ಆ ಜನ ಕೊನೆಗೆ ತಿರುಗಿಬಿದ್ದು ಗೆಲ್ಲುತ್ತಾರೆ. ಆದರೆ ಕೊಲ್ಲುವುದನ್ನು ಕಲಿತುಬಿಟ್ಟಿರುತ್ತಾರೆ. ಕಲಿತದ್ದನ್ನು ಮರೆಯುವ ದಾರಿ ಇಲ್ಲ.

ಪಿಕ್‌ನಿಕ್ ಮುಗಿಸಿ ಹೋದವರ ಕಸ

ಭಾನುವಾರ ಬೆಟ್ಟದ ಬುಡಕ್ಕೋ ಕೆರೆ ಏರಿಗೋ ನಗರದಿಂದ ಬಂದವರು ಸಂಜೆ ಬಿಟ್ಟು ಹೋಗುವುದನ್ನು ನೀವು ನೋಡಿದ್ದೀರಿ. ಒಡೆದ ಬಾಟಲಿ, ಪ್ಲಾಸ್ಟಿಕ್ ತಟ್ಟೆ, ಆರದ ಬೆಂಕಿ. ಸೋಮವಾರ ದನ ಮೇಯಿಸಲು ಹೋದ ಹುಡುಗನ ಕಾಲಿಗೆ ಗಾಜು ಚುಚ್ಚುತ್ತದೆ. ದನದ ಹೊಟ್ಟೆಗೆ ಪ್ಲಾಸ್ಟಿಕ್ ಸೇರುತ್ತದೆ. ಬಂದವರಿಗೆ ಆ ಹುಡುಗನ ಮೇಲೆ ದ್ವೇಷವೇನೂ ಇಲ್ಲ. ಅವನು ಇದ್ದಾನೆ ಎಂಬುದೇ ಅವರಿಗೆ ಗೊತ್ತಿಲ್ಲ.

ರಷ್ಯಾದ ಸ್ಟ್ರುಗಾಟ್‌ಸ್ಕಿ ಅಣ್ಣತಮ್ಮಂದಿರು 1972ರಲ್ಲಿ ಬರೆದ 'ರೋಡ್‌ಸೈಡ್ ಪಿಕ್‌ನಿಕ್' ಇದೇ ಕಥೆ. ಬೇರೆ ಲೋಕದವರು ಬಂದು, ಯಾರನ್ನೂ ಮಾತಾಡಿಸದೆ, ತಮ್ಮ ಪಾಡಿಗೆ ಹೋಗಿಬಿಟ್ಟಿದ್ದಾರೆ. ಉಳಿದದ್ದು ಅವರ ಕಸ. ಆ ಜಾಗಕ್ಕೆ ಸರ್ಕಾರ ಬೇಲಿ ಹಾಕಿದೆ, ಸಂಶೋಧನಾ ಸಂಸ್ಥೆ ಕಟ್ಟಿದೆ. ಪಕ್ಕದ ಊರಿನ ಬಡವರು ರಾತ್ರಿ ಕದ್ದು ಒಳಗೆ ಹೋಗಿ, ಆ ಕಸ ಹೆಕ್ಕಿ ತಂದು ಮಾರಿ ಬದುಕುತ್ತಾರೆ. ಕೈಕಾಲು ಕಳೆದುಕೊಳ್ಳುತ್ತಾರೆ. ಹೀಗೆ ಹೋಗುವ ರೆಡ್ ಎಂಬುವನ ಮಗಳು ಮೈತುಂಬ ರೋಮ ಹೊತ್ತು ಹುಟ್ಟುತ್ತಾಳೆ, ಬೆಳೆಯುತ್ತ ಬೆಳೆಯುತ್ತ ಮನುಷ್ಯರ ಮಾತನ್ನೇ ಕಳೆದುಕೊಳ್ಳುತ್ತಾಳೆ. ಬಂದವರಿಗೆ ಅದು ಒಂದು ಮಧ್ಯಾಹ್ನದ ಊಟ. ಇವಳಿಗೆ ಇಡೀ ಜನ್ಮ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ?

ನಮಗೆ ಬರುವ ಬೈಗುಳವೂ ಗೊತ್ತು. ನಮ್ಮ ಮೇಷ್ಟ್ರೊಬ್ಬರೇ ಅಂದಿದ್ದರು: "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದಂಗಾಯ್ತು. ರೈತರ ಸಾಲದ ಬಗ್ಗೆ ಬರೀರಿ, ಆಕಾಶದ ಬಗ್ಗೆ ಅಲ್ಲ." ಮೇಷ್ಟ್ರೇ, ಸಾಲದ ಬಗ್ಗೆ ಬರೆದಿದ್ದೇವೆ, ಇನ್ನೂ ಬರೆಯುತ್ತೇವೆ. ಆದರೆ ಹಳ್ಳಿಯವರು ಹಳ್ಳಿಯ ಕಷ್ಟ ಮಾತ್ರ ಓದಬೇಕು, ನಕ್ಷತ್ರ ಎಲ್ಲ ಸಿಟಿಯವರಿಗೆ ಎಂದು ಭಾಗ ಮಾಡಿಕೊಟ್ಟವರು ಯಾರು? ಇದು ಯಾವ ಪಾಲುಪಟ್ಟಿ? ಆಕಾಶದ ರೇಡಿಯೋ ಅಲೆ ಕೇಳಿಸಿಕೊಳ್ಳುವ ದೂರದರ್ಶಕ ಇರುವುದು ಗೌರಿಬಿದನೂರಿನ ಬಳಿ. ಚಂದ್ರಯಾನದ ಮಾತು ಕೇಳಿಸಿಕೊಂಡ 32 ಮೀಟರಿನ ದೊಡ್ಡ ತಟ್ಟೆ ಇರುವುದು ಬ್ಯಾಲಾಳು ಎಂಬ ಹಳ್ಳಿಯಲ್ಲಿ. ಆಕಾಶಕ್ಕೆ ಕಿವಿ ಇಡಲು ನಮ್ಮ ಜಾಗ ಬೇಕು, ಆಕಾಶದ ಕಥೆ ಓದಲು ನಾವು ಬೇಡವೇ?

ಈ ಕಾದಂಬರಿಗಳ ಮೇಲೂ ನಮಗೆ ಜಗಳ ಇದೆ, ಮುಚ್ಚಿಡುವುದಿಲ್ಲ. ಹಡಗು ಇಳಿಯುವುದು ಹೊಲದಲ್ಲಿ. ಮೊದಲು ನೋಡುವವನು ರೈತ. ಅವನು ಒಂದು ಸಲ ಕಿರುಚುತ್ತಾನೆ, ಅಲ್ಲಿಗೆ ಅವನ ಪಾತ್ರ ಮುಗಿಯಿತು. ಎರಡನೇ ಅಧ್ಯಾಯಕ್ಕೆ ಸೇನಾಪತಿ, ಅಧ್ಯಕ್ಷ, ವಿಜ್ಞಾನಿ ಬಂದುಬಿಡುತ್ತಾರೆ. ಇಂಥ ಕಥೆಗಳು ಲೆಕ್ಕವಿಲ್ಲದಷ್ಟಿವೆ. ಹೊಲದ ಯಜಮಾನನನ್ನು ಕೂರಿಸಿ "ನೀನೇನಂತೀಯಪ್ಪಾ?" ಎಂದು ಕೇಳುವ ಬರಹಗಾರರು ಕಡಿಮೆ.

ಕೇಳಿದವರೂ ಇದ್ದಾರೆ. ನೈಜೀರಿಯಾ ಮೂಲದ ನೆಡಿ ಒಕೊರಾಫೋರ್ ಬರೆದ 'ಲಗೂನ್' (2014) ಕಾದಂಬರಿಯಲ್ಲಿ ಬೇರೆ ಲೋಕದವರು ಇಳಿಯುವುದು ಲಾಗೋಸ್ ನಗರದ ಸಮುದ್ರದಲ್ಲಿ. ಕಥೆ ಶುರುವಾಗುವುದು ಒಂದು ಕತ್ತಿಮೀನಿನಿಂದ, ಕಡಲಿಗೆ ಎಣ್ಣೆ ಕಕ್ಕುವ ಕೊಳವೆಯ ಮೇಲೆ ಅದಕ್ಕಿರುವ ಸಿಟ್ಟಿನಿಂದ. ಬಂದವರು ಮನುಷ್ಯರಿಗಿಂತ ಮೊದಲು ಕಡಲಿನ ಜೀವಿಗಳಿಗೆ ಏನು ಬೇಕೆಂದು ತಿಳಿದುಕೊಳ್ಳುತ್ತಾರೆ.

ನಮಗೆ ಎಲ್ಲಕ್ಕಿಂತ ಪ್ರೀತಿಯದು ಕಾದಂಬರಿಯಲ್ಲ, ಸಣ್ಣ ಕಥೆ. ಸತ್ಯಜಿತ್ ರಾಯ್ 1962ರಲ್ಲಿ ಬಂಗಾಳಿಯಲ್ಲಿ ಬರೆದ 'ಬಂಕುಬಾಬುರ್ ಬಂಧು', ಅಂದರೆ ಬಂಕುಬಾಬುವಿನ ಗೆಳೆಯ. ಬಂಕುಬಾಬು ಹಳ್ಳಿ ಶಾಲೆಯ ಮೇಷ್ಟ್ರು. ಸಂಜೆ ಊರಿನ ದೊಡ್ಡವರ ಬೈಠಕ್ಕಿನಲ್ಲಿ ದಿನಾ ಅವರನ್ನೇ ಗೇಲಿ ಮಾಡುತ್ತಾರೆ. ಅವರು ಸುಮ್ಮನೆ ಸಹಿಸುತ್ತಾರೆ. ಒಂದು ರಾತ್ರಿ ಬಿದಿರು ಮೆಳೆಯಲ್ಲಿ ಇಳಿದ ಹಡಗಿನ ಜೀವಿಯೊಂದು ಅವರನ್ನು ಮಾತಾಡಿಸುತ್ತದೆ, ಅವರು ಕಾಣದ ದೇಶಗಳನ್ನು ತೋರಿಸುತ್ತದೆ, ನೀನು ಒಳ್ಳೆಯವನು, ಆದರೆ ಅತಿ ಸಾಧು, ಅನ್ಯಾಯ ಕಂಡೂ ಬಾಯಿ ಬಿಡುವುದಿಲ್ಲ ಎಂಬ ಹಾಗೆ ತಿಳಿಹೇಳುತ್ತದೆ. ಮರುದಿನ ಸಂಜೆ ಮೇಷ್ಟ್ರು ಅದೇ ಬೈಠಕ್ಕಿಗೆ ಹೋಗಿ, ನಿಂತು, ಎಲ್ಲರಿಗೂ ತಕ್ಕ ಉತ್ತರ ಕೊಟ್ಟು ಬರುತ್ತಾರೆ. ಬಂದವರು ಚಿನ್ನ ಕೊಡಲಿಲ್ಲ, ಯಂತ್ರ ಕೊಡಲಿಲ್ಲ. ಬಾಯಿ ಕೊಟ್ಟರು.

ನಮ್ಮ ಬೇಡಿಕೆ ದೊಡ್ಡದಲ್ಲ. ನಾವು ಓಡಾಡುವ ಊರುಗಳ ಗ್ರಂಥಾಲಯಗಳಲ್ಲಿ ಹುಡುಕಿದೆವು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು ಸಾಲುಗಟ್ಟಿ ನಿಂತಿವೆ. ಇಂಥದ್ದು ಒಂದೂ ಸಿಗಲಿಲ್ಲ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ಈ ಪುಸ್ತಕಗಳಿಗೆ ಒಂದು ಅಡ್ಡಪಟ್ಟಿ ಕೊಡಿ. ಪ್ರಕಾಶಕರೇ, ಅನುವಾದಕರೇ, ಮಕ್ಕಳ ಕಥೆ ಎಂದು ಮೂಗು ಮುರಿಯದೆ ಹಳ್ಳಿಯವರಿಗೆ ಅರ್ಥವಾಗುವ ಕನ್ನಡದಲ್ಲಿ ಇವನ್ನು ತನ್ನಿ. ಓದುಗರೇ, ನೀವು ಮುಂದಿನ ಗ್ರಾಮಸಭೆಗೆ ಹೋದಾಗ, ತೀರ್ಮಾನ ಆದ ಮೇಲೆ ಕರೆದಿದ್ದಾರೋ, ಆಗುವ ಮೊದಲೇ ಕರೆದಿದ್ದಾರೋ ಎಂದು ಎದ್ದು ಕೇಳಿ.

ಟೀ ಅಂಗಡಿಯ ಯಜಮಾನ್ರೇ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ ಇದು. ಮುಂದಿನ ಸಲ ಆ ಕಡೆ ಬಂದಾಗ ಬಂಕುಬಾಬು ಮೇಷ್ಟ್ರ ಕಥೆಯನ್ನು ಅದೇ ಬೆಂಚಿನ ಮೇಲೆ ಕೂತು ಪೂರ್ತಿ ಹೇಳುತ್ತೇವೆ. ಬಸ್ಸು ತಡವಾಗಿಯೇ ಬರಲಿ.